ಹೊಸ್ತಿಲಿಲ್ಲದ ಆಷಾಢ

ಬಾಗಿಲಿಗೆ ನೀರು ಹಾಕುವುದೆಂದರೆ ನಮ್ಮ ಕಡೆ ಬಾಗಿಲ ಮುಂದಿನ ನೆಲಕ್ಕೆ ನೀರು ಚಿಮುಕಿಸಿ, ಸಾರಿಸಿ, ರಂಗೋಲಿ ಬಿಡುವುದು. ಹೊಸಹಳ್ಳಿಯ ಅಂಜನಮ್ಮ ಮಾತ್ರ ಎಪ್ಪತ್ತಾರನೇ ಇಸವಿಯ ಜ್ಯೇಷ್ಠ ಮಾಸದಲ್ಲಿ ಒಂದು ವಾರ ಪೂರ್ತಿ ಬಾಗಿಲಿಗೇ ನೀರು ಹಾಕಿದಳು.

ಸೊಸೆ ವೆಂಕಟಲಕ್ಷ್ಮಿ ಒಲೆಯ ಮುಂದೆ ಊದುಗೊಳವೆ ಹಿಡಿದು ಕೂತಿರುವಾಗ, ಮಗ ಚಿಕ್ಕಹನುಮಯ್ಯ ಇನ್ನೂ ಕಂಬಳಿಯೊಳಗೆ ಗೊರಕೆ ಹೊಡೆಯುತ್ತಿರುವಾಗ, ಈಕೆ ಚೊಂಬಿನಲ್ಲಿ ನೀರು ತಂದು ಕದದ ಕೆಳಗಿನ ಅಂಚಿಗೆ, ಸಂದಿಗೆ, ಮೂಲೆಗೆ ನಿಧಾನವಾಗಿ ಎರೆಯುವಳು. ಮಾವನ ಕಾಲದ ಹಲಸಿನ ಕದ. ನೀರು ಕುಡಿದು ಕುಡಿದು ಉಬ್ಬಿತು. ಅರವತ್ತು ದಾಟಿದ ಹೆಂಗಸು ಹೀಗೆ ಸ್ವಂತ ಮನೆಯ ಬಾಗಿಲನ್ನು ಕೆಡಿಸುತ್ತಿದ್ದಾಳೆಂದು ಯಾರು ತಾನೇ ಅನುಮಾನಪಟ್ಟಾರು?

ಶನಿವಾರ ಬೆಳಗಿನ ಪಾಳಿಗೆ ಹೊರಟ ಚಿಕ್ಕಹನುಮಯ್ಯ ಕದ ಎಳೆದ. ಬರಲಿಲ್ಲ. ಒಂದು ಕಾಲನ್ನು ಗೋಡೆಗೆ ಒತ್ತಿ ಹಿಡಿದು ಎಳೆದ. ಹಿಡಿ ಕಿತ್ತು ಕೈಗೆ ಬಂತು, ಅವನು ಊಟದ ಡಬ್ಬಿಯ ಸಮೇತ ಅಂಗಾತ ಬಿದ್ದ. ಕದ ತೆಗೆದು ಬಸ್ಸು ಹಿಡಿದು ಮಿಲ್ಲು ಮುಟ್ಟುವಷ್ಟರಲ್ಲಿ ಗೇಟು ಹಾಕಿತ್ತು. ಸಪ್ಪೆ ಮೋರೆ ಹಾಕಿಕೊಂಡು ವಾಪಸ್ಸು ಬಂದವನು, "ಇವತ್ತೇ ಬಡಗಿನ ಕರ್ಕೊಂಡ್ ಬರ್ತೀನಿ ಕಣವ್ವ," ಎಂದ.

"ಬರೀ ಕದ ಅಲ್ಲ ಕಣಪ್ಪ. ಹೊಸ್ತಿಲಿಗೂ ಗೆದ್ದಲು ಹಿಡಿದೈತೆ, ನೋಡು," ಎಂದು ಅಂಜನಮ್ಮ ಮೂಲೆ ತೋರಿಸಿದಳು. ಅಲ್ಲಿ ಒಂದು ಹಿಡಿ ಗೆದ್ದಲು ಮಣ್ಣು ಅಂಟಿತ್ತು. ಅದನ್ನು ಎದುರುಮನೆಯ ಬೇಲಿಯಿಂದ ಕಿತ್ತು ತಂದು ಅಂಟಿಸಿದವಳೂ ಅವಳೇ.

ಯಾಕೆ ಈ ಕಿತಾಪತಿ ಎಂದು ತಿಳಿಯಬೇಕಾದರೆ ಆ ಎದುರುಮನೆಯ ಜಗಲಿ ನೋಡಬೇಕು. ಅಲ್ಲಿ ಬಾಯಿತುಂಬ ಎಲೆ ಅಡಿಕೆ ಹಾಕಿಕೊಂಡು, ಕಾಲು ನೀಡಿಕೊಂಡು, ಬೀದಿಗೆಲ್ಲ ತಾನೇ ಯಜಮಾನಿ ಎಂಬ ಹಾಗೆ ಕೂತಿರುವವಳು ಮುನಿತಾಯಮ್ಮ. ಅಂಜನಮ್ಮನ ಓರಗಿತ್ತಿ, ಅವಳ ಬಾಯಲ್ಲಿ ಅಕ್ಕ. ಅಣ್ಣತಮ್ಮಂದಿರನ್ನು ಕಟ್ಟಿಕೊಂಡು ಇಬ್ಬರೂ ಇದೇ ಬೀದಿಗೆ ಬಂದವರು. ಒಂದೇ ಒಲೆಯಲ್ಲಿ ಬೇಯಿಸಿದವರು, ಒಬ್ಬರ ಮಕ್ಕಳಿಗೆ ಇನ್ನೊಬ್ಬರು ಎಣ್ಣೆ ನೀರು ಹಾಕಿದವರು. ಗಂಡಂದಿರು ತೀರಿಕೊಂಡ ಮೇಲಂತೂ ಊಟ ಒಂದು ಮನೆಯಲ್ಲಿ, ನಿದ್ದೆ ಇನ್ನೊಂದು ಮನೆಯಲ್ಲಿ ಎನ್ನುವಂತಿದ್ದರು.

ಅದೆಲ್ಲ ಕೆಟ್ಟದ್ದು ಹನ್ನೊಂದು ವರ್ಷದ ಹಿಂದೆ, ಯುಗಾದಿಯ ಮಾರನೆಯ ದಿನ, ಅಂಜನಮ್ಮನ ಮನೆಯ ಹೊಸತೊಡಕಿನ ಊಟದಲ್ಲಿ. ನೆಂಟರೆಲ್ಲ ಸಾಲಾಗಿ ಎಲೆ ಮುಂದೆ ಕೂತಿದ್ದಾಗ ಮುನಿತಾಯಮ್ಮ ಸಾರು ಬಾಯಿಗಿಟ್ಟು, "ಇದರಾಗೆ ಮಸಾಲೆ ಹುಡುಕಬೇಕಾದ್ರೆ ಪೊಲೀಸ್ನೋರನ್ನೇ ಕರೆಸ್ಬೇಕು," ಎಂದಳು. ಎಲ್ಲರೂ ನಕ್ಕರು. ಬೆಳಗಿನಿಂದ ಹೊಗೆಯಲ್ಲಿ ಬೆಂದಿದ್ದ ಅಂಜನಮ್ಮ, "ಅಷ್ಟು ಉದ್ದದ ನಾಲಿಗೆ ಇರೋರು ಅದನ್ನ ಅವರ ಮನೇಲೇ ಇಟ್ಟು ಬರ್ಬೇಕು," ಎಂದುಬಿಟ್ಟಳು. ಆಗಲೂ ಎಲ್ಲರೂ ನಕ್ಕರು. ಮುನಿತಾಯಮ್ಮ ಎಲೆ ಬಿಟ್ಟು ಎದ್ದಳು. ಆಚೆ ಹೋಗಿ, ತಿರುಗಿ, ಬಗ್ಗಿ ಹೊಸ್ತಿಲು ಮುಟ್ಟಿ, "ಲಕ್ಷ್ಮಿ ಇರೋ ಜಾಗ ಮುಟ್ಟಿ ಹೇಳ್ತಾ ಇದೀನಿ. ನನ್ನ ಜೀವ ಇರೋಗಂಟ ಈ ಹೊಸ್ತಿಲು ದಾಟಲ್ಲ," ಎಂದಳು.

ಹೊಸ್ತಿಲ ಮೇಲಿನ ಆಣೆ ಎಂದರೆ ಹುಡುಗಾಟವಲ್ಲ. ದೇವಸ್ಥಾನದಲ್ಲಿ ಇಟ್ಟ ಆಣೆಯನ್ನಾದರೆ ತಪ್ಪುಕಾಣಿಕೆ ಹಾಕಿ ಬಿಡಿಸಿಕೊಳ್ಳಬಹುದು. ಹೊಸ್ತಿಲಿಗೆ ಹುಂಡಿ ಇಲ್ಲ.

ಅಂದಿನಿಂದ ಇಬ್ಬರ ನಡುವೆ ನೇರ ಮಾತಿಲ್ಲ. ಹಾಗಂತ ಮಾತು ನಿಂತಿತೆಂದು ತಿಳಿಯಬೇಡಿ. ಮುನಿತಾಯಮ್ಮ ತನ್ನ ಮೇಕೆಯ ಜೊತೆ ಮಾತಾಡುವಳು, ಅಂಜನಮ್ಮ ಪೊರಕೆಯ ಜೊತೆ. "ಕೆಲವರ ಮನೆ ಮುಂದೆ ರಂಗೋಲಿ ನೋಡು ಚೆಲುವಿ, ಕೋಳಿ ಕೆದರಿದಂಗೈತೆ," ಎಂದು ಮೇಕೆಗೆ ಹೇಳಿದರೆ, "ಕಣ್ಣಿಗೆ ಪೊರೆ ಬಂದೋರಿಗೆ ಎಲ್ಲಾ ಹಂಗೇ ಕಾಣೋದು," ಎಂದು ಪೊರಕೆಗೆ ಉತ್ತರ ಹೋಗುವುದು. ಬೀದಿಯ ಜನಕ್ಕೆ ರೇಡಿಯೋ ಬೇಕಾಗಿರಲಿಲ್ಲ.

ಹೀಗಿರುವಾಗ ಒಂದು ದಿನ ಮುನಿತಾಯಮ್ಮ ಮೇಕೆಗೆ ಗಟ್ಟಿಯಾಗಿ ಒಂದು ಸುದ್ದಿ ಹೇಳಿದಳು. "ಇನ್ನು ನೀನೂ ಕೆಂಗೇರಿಯೋಳಾಗ್ತೀಯ ಕಣೇ ಚೆಲುವಿ. ನನ್ನ ಮಗ ದೊಡ್ಡಣ್ಣಂಗೆ ಅಲ್ಲಿ ಹೊಸ ಸಾಲುಮನೆ ಸಿಕ್ಕೈತೆ. ಆಷಾಢ ಕಳೀಲಿ ಅಂತ ಕಾಯ್ತಾ ಇದೀವಿ. ಶ್ರಾವಣದಾಗೆ ಹಾಲು ಉಕ್ಕಿಸಿ ಹೊರಟುಬಿಡೋದು."

ಅಂಜನಮ್ಮನ ಪೊರಕೆ ನಿಂತಿತು. ಆ ದಿನ ಅವಳು ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಕೆಂಗೇರಿ ಎಂದರೆ ಎರಡು ಬಸ್ಸು ಬದಲಾಯಿಸಬೇಕು. ಅವಳ ಮೊಣಕಾಲಿಗೆ ಬಸ್ಸಿನ ಮೆಟ್ಟಿಲೇ ಬೆಟ್ಟ. ಆ ಜಗಲಿ ಖಾಲಿಯಾದ ಮೇಲೆ ಬೆಳಗ್ಗೆ ಎದ್ದು ಯಾರ ಮೋರೆ ನೋಡಿ ಸಿಡುಕುವುದು? ಹೋಗುವ ಮುಂಚೆ ಒಂದೇ ಒಂದು ಸಲ ಅಕ್ಕ ಒಳಗೆ ಬಂದು ಕೂತು, ತನ್ನ ಕೈಯಿಂದ ಒಂದು ತುತ್ತು ಉಂಡು ಹೋದರೆ ಸಾಕು ಎನ್ನಿಸಿತು. ಆದರೆ ಬರುವುದು ಹೇಗೆ, ನಡುವೆ ಹೊಸ್ತಿಲಿದೆಯಲ್ಲ. ಅವಳನ್ನು ತಡೆದಿರುವುದು ಆ ಮರದ ತುಂಡೇ ತಾನೇ, ಅದೇ ಇಲ್ಲದಿದ್ದರೆ ಆಣೆ ಎಲ್ಲಿ ಕೂರುತ್ತದೆ? ಈ ಯೋಚನೆ ಹುಟ್ಟಿದ ಮಾರನೆಯ ಬೆಳಗ್ಗೆಯೇ ಚೊಂಬು ಕೈಗೆ ಬಂದದ್ದು.

ಚಿಕ್ಕಹನುಮಯ್ಯ ಕಾಮಾಕ್ಷಿಪಾಳ್ಯದಿಂದ ಬಡಗಿ ಏಕಾಂತಯ್ಯನನ್ನು ಕರೆತಂದ. ಅಂಜನಮ್ಮನ ದುರದೃಷ್ಟಕ್ಕೆ ಏಕಾಂತಯ್ಯ ಪ್ರಾಮಾಣಿಕ. ಇರುವ ಕೆಲಸಕ್ಕಿಂತ ಹೆಚ್ಚು ಕೆಲಸ ಹುಡುಕಿಕೊಳ್ಳುವುದು ಅವನಿಗೆ ಗೊತ್ತೇ ಇರಲಿಲ್ಲ. ಕದ ಆಡಿಸಿ ನೋಡಿದ, ಹೊಸ್ತಿಲಿಗೆ ಸುತ್ತಿಗೆಯಿಂದ ಕುಟ್ಟಿ ಕಿವಿಗೊಟ್ಟ.

"ಅವ್ವಾ, ಹೊಸ್ತಿಲು ಕಲ್ಲು ಇದ್ದಂಗೈತೆ. ಕದ ಒಂಚೂರು ಊದಿದೆ ಅಷ್ಟೆ. ಕೆಳಗೆ ನಾಲ್ಕು ಸಲ ಉಜ್ಜುಗೊರಡು ಎಳೆದ್ರೆ ಸರಿಹೋಯ್ತದೆ."

"ಗೆದ್ದಲು ಐತಲ್ಲಪ್ಪ."

ಏಕಾಂತಯ್ಯ ಬೆರಳಿನಿಂದ ತಟ್ಟಿದ. ಮಣ್ಣು ಪುಸಕ್ಕನೆ ಉದುರಿತು. ಕೆಳಗಿನ ಮರ ಹೊಳೆಯುತ್ತಿತ್ತು. "ಹುಳಾನೇ ಇಲ್ಲ. ಎಲ್ಲಿಂದಾನೋ ಬಂದು ಮೆತ್ಕೊಂಡಿದೆ," ಎಂದ.

"ಹಂಗಾದ್ರೆ ಉಜ್ಜಿಬಿಡಿ, ಮುಗೀತು," ಎಂದ ಚಿಕ್ಕಹನುಮಯ್ಯ ನಿಟ್ಟುಸಿರುಬಿಟ್ಟು.

ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗಾಯಿತು. ಅಂಜನಮ್ಮ ಸೆರಗನ್ನು ತಲೆಯ ಮೇಲೆ ಹೊದ್ದು, ದನಿ ತಗ್ಗಿಸಿ, "ಹೇಳಬಾರದು ಅಂತಿದ್ದೆ. ಮೂರು ದಿನದಿಂದ ನಮ್ಮತ್ತೆ ಕನಸಿನಾಗೆ ಬರ್ತಾ ಅವ್ರೆ. 'ಅಂಜಿ, ಈ ವಾಸಕಾಲು ತೆಗೆಸು, ಹೊಸ್ತಿಲ ಕೆಳಗೆ ನನಗೆ ಉಸಿರು ಕಟ್ತಾ ಐತೆ' ಅಂತಾರೆ," ಎಂದಳು.

ಏಕಾಂತಯ್ಯ ಸುತ್ತಿಗೆ ಕೆಳಗಿಟ್ಟ. ಮರದ ವಿಷಯದಲ್ಲಿ ಎಷ್ಟು ಬೇಕಾದರೂ ವಾದಿಸಬಹುದು. ಸತ್ತ ಅತ್ತೆಯ ಜೊತೆ ವಾದಿಸುವ ಬಡಗಿ ಇನ್ನೂ ಹುಟ್ಟಿಲ್ಲ. ಚಿಕ್ಕಹನುಮಯ್ಯನಿಗೂ ಅಜ್ಜಿಯೆಂದರೆ ಬದುಕಿದ್ದಾಗಲೇ ನಡುಕ. "ತೆಗೀರಿ ಮಾರಾಯ್ರೇ," ಎಂದ.

ಹಳೇ ಕಾಲದ ವಾಸಕಾಲಿನಲ್ಲಿ ಎರಡು ನಿಲುವು, ಮೇಲಿನ ತಲೆಪಟ್ಟಿ, ಕೆಳಗಿನ ಹೊಸ್ತಿಲು ಎಲ್ಲವೂ ಒಂದರೊಳಗೊಂದು ಕಚ್ಚಿಕೊಂಡಿರುತ್ತವೆ. ಒಂದನ್ನು ತೆಗೆದರೆ ಎಲ್ಲ ಬರಬೇಕು. ಸಂಜೆಯ ಹೊತ್ತಿಗೆ ಗೋಡೆಯ ಮಣ್ಣು ಉದುರಿ, ಮನೆ ಹಲ್ಲು ಬಿದ್ದ ಬಾಯಿಯ ಹಾಗೆ ಬೀದಿಗೆ ತೆರೆದುಕೊಂಡಿತು. ಎದುರು ಜಗಲಿಯ ಮೇಲೆ ಮುನಿತಾಯಮ್ಮನ ಎಲೆ ಅಡಿಕೆ ಜಗಿಯುವುದು ನಿಂತಿತ್ತು.

"ಅಂಗಡೀಲಿ ಹೊನ್ನೆ ಮರದ್ದು ಒಂದು ವಾಸಕಾಲು ರೆಡಿ ಇದೆ. ನಾಳೆ ತಂದು ನಿಲ್ಲಿಸ್ತೀನಿ," ಎಂದ ಏಕಾಂತಯ್ಯ ಪಂಚೆ ಕೊಡವುತ್ತ.

ಅದೇ ಹೊತ್ತಿಗೆ ದೇವಸ್ಥಾನದ ಕಡೆ ಹೊರಟಿದ್ದ ಪೂಜಾರಿ ಅಂಜಿನಯ್ಯ ಬೀದಿಯಲ್ಲಿ ನಿಂತು ಬಾಯಿ ಬಿಟ್ಟ. "ನಾಳೆ ಅಮಾವಾಸ್ಯೆ. ನಾಡಿದ್ದಿಂದ ಆಷಾಢ. ಶೂನ್ಯಮಾಸದಲ್ಲಿ ಯಾರಾದ್ರೂ ವಾಸಕಾಲು ನಿಲ್ಲಿಸ್ತಾರೇನ್ರಯ್ಯಾ? ಇನ್ನು ಶ್ರಾವಣಕ್ಕೇ."

ಚಿಕ್ಕಹನುಮಯ್ಯ ಏಕಾಂತಯ್ಯನನ್ನು ನೋಡಿದ. ಏಕಾಂತಯ್ಯ ಚಿಕ್ಕಹನುಮಯ್ಯನನ್ನು ನೋಡಿದ.

"ಒಳ್ಳೆ ದಿನ ನೀವು ಕೇಳಿರ್ತೀರಿ ಅಂತ ನಾನಂದ್ಕೊಂಡೆ," ಎಂದ ಚಿಕ್ಕಹನುಮಯ್ಯ.

"ಕೀಳಿಸೋರು ಕೇಳಿರ್ತಾರೆ ಅಂತ ನಾನಂದ್ಕೊಂಡೆ," ಎಂದ ಬಡಗಿ.

ಅಂಜನಮ್ಮ ಹಣೆ ಚಚ್ಚಿಕೊಂಡು, "ಅಯ್ಯೋ ನನ್ನ ಕರ್ಮವೇ, ಒಂದು ತಿಂಗಳು ಬಾಗಿಲಿಲ್ಲದ ಮನೇಲಿ ಹೆಂಗಪ್ಪಾ ಇರೋದು," ಎಂದು ಗೋಳಾಡಿದಳು. ಗೋಳಾಡುತ್ತ ಒಳಗೆ ಹೋಗಿ, ಅಕ್ಕಿ ಮಡಕೆಯ ಹಿಂದೆ ನಿಂತು, ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು. ಪಂಚಾಂಗ ಓದಲು ಬರದಿದ್ದರೇನು, ಸವೆಯುವ ಚಂದ್ರನನ್ನು ನೋಡಲು ಬರುತ್ತದಲ್ಲ. ಒಂದು ದಿನದಲ್ಲಿ ಮುನಿತಾಯಮ್ಮನ ಬಿಗುಮಾನ ಇಳಿಯುವುದಿಲ್ಲ, ಒಂದು ತಿಂಗಳಾದರೂ ಬೇಕು ಎಂದು ಅವಳು ಮೊದಲೇ ಲೆಕ್ಕ ಹಾಕಿದ್ದಳು.

ತಿಂಗಳೇನೋ ಸಿಕ್ಕಿತು, ಅದರ ಜೊತೆಗೆ ಊರಿನ ಸಮಸ್ತ ಜೀವರಾಶಿಯೂ ಸಿಕ್ಕಿತು. ಬಾಗಿಲಿಗೆ ಇಳಿಬಿಟ್ಟ ಗೋಣಿತಟ್ಟನ್ನು ಯಾವ ಪ್ರಾಣಿಯೂ ಲೆಕ್ಕಕ್ಕಿಟ್ಟುಕೊಳ್ಳಲಿಲ್ಲ. ಕೋಳಿಗಳು ಬಂದು ನಡುಮನೆಯಲ್ಲಿ ಮೊಟ್ಟೆಯಿಟ್ಟವು, ಅವು ಯಾರ ಮೊಟ್ಟೆ ಎಂದು ಬೀದಿಯಲ್ಲಿ ಪಂಚಾಯ್ತಿಯಾಯಿತು. ಆಷಾಢದ ಗಾಳಿ ಒಲೆಯ ಬೂದಿಯನ್ನು ದೇವರ ಪಟದವರೆಗೆ ಕೊಂಡೊಯ್ಯಿತು. ದಿನಾ ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟು ಅಭ್ಯಾಸವಾಗಿದ್ದ ವೆಂಕಟಲಕ್ಷ್ಮಿ, ಇಡುವ ಜಾಗ ಕಾಣದೆ, ಒಂದು ಇಟ್ಟಿಗೆಗೆ ಇಟ್ಟಳು. ಆ ಇಟ್ಟಿಗೆಯನ್ನು ಮಧ್ಯಾಹ್ನ ಯಾರೋ ಹೊತ್ತುಕೊಂಡು ಹೋದರು. ಚಿಕ್ಕಹನುಮಯ್ಯ ಕಳ್ಳರ ಭಯಕ್ಕೆ ಬಾಗಿಲಿದ್ದ ಜಾಗದಲ್ಲಿ ಅಡ್ಡಲಾಗಿ ಮಲಗುತ್ತ ತಾನೇ ಹೊಸ್ತಿಲಾಗಿಬಿಟ್ಟಿದ್ದ.

ಎಲ್ಲರೂ ಬಂದರು. ಮುನಿತಾಯಮ್ಮ ಬರಲಿಲ್ಲ.

ಅಂಜನಮ್ಮ ಸುಳಿವು ಕೊಡುವುದರಲ್ಲಿ ಏನೂ ಕಡಿಮೆ ಮಾಡಲಿಲ್ಲ. "ಹೊಸ್ತಿಲೇ ಇಲ್ಲದ ಮನೆ ಕಣೇ ಇದು. ಯಾರು ಬಂದ್ರೂ ಯಾವ ದೋಷಾನೂ ಇಲ್ಲ," ಎಂದು ಪೊರಕೆಗೆ ಬೀದಿಯ ಕೊನೆಯವರೆಗೆ ಕೇಳಿಸುವಂತೆ ಹೇಳಿದಳು. ಎದುರಿನಿಂದ ಮೇಕೆಗೆ ಒಂದು ಮಾತೂ ಹೋಗಲಿಲ್ಲ. ಅರ್ಧ ಆಷಾಢ ಹೀಗೆಯೇ ಕಳೆಯಿತು. ಕೆಂಗೇರಿಗೆ ಹೊರಡಲು ಜಗಲಿಯ ಮೇಲೆ ಮಡಕೆ, ಒನಕೆ, ಟ್ರಂಕು ಒಂದೊಂದೇ ಬಂದು ಕೂರತೊಡಗಿದವು. ಅಂಜನಮ್ಮ ದಿನಾ ಅವನ್ನು ಎಣಿಸುವಳು.

ಆಣೆ ಮಾಡಿರದ ಮೇಕೆ ಚೆಲುವಿ ಮಾತ್ರ ದಿನಾ ಬಂದು ಹೋಗುತ್ತಿತ್ತು. ಒಂದು ಮಧ್ಯಾಹ್ನ ಅದು ಬಂದು ಕಲಗಚ್ಚಿಗೆ ಬಾಯಿಟ್ಟಾಗ ಅಂಜನಮ್ಮನಿಗೆ ಹೊಸ ಬುದ್ಧಿ ಹೊಳೆಯಿತು. ನಡುಮನೆಯ ಕಂಬಕ್ಕೆ ಅದನ್ನು ಕಟ್ಟಿದಳು. ಮುಂದೆ ಒಂದು ಕಂತೆ ಅಗಸೆ ಸೊಪ್ಪು ಹಾಕಿದಳು. ಗೋಣಿತಟ್ಟನ್ನು ಎತ್ತಿ ಕಟ್ಟಿ, ಕಂಬಕ್ಕೆ ಒರಗಿ ಕಾದು ಕೂತಳು.

ಹಾಲು ಕರೆಯುವ ಹೊತ್ತಾಯಿತು. ಮುನಿತಾಯಮ್ಮ ಜಗಲಿಯಿಂದ, "ಚೆಲುವಿ," ಎಂದು ಕೂಗಿದಳು. ಒಳಗಿನಿಂದ ಮೇಕೆ ಓಗೊಟ್ಟಿತು. ಮುನಿತಾಯಮ್ಮ ಎದ್ದಳು. ಬೀದಿ ದಾಟಿದಳು. ಬಾಗಿಲಿದ್ದ ಜಾಗಕ್ಕೆ ಬಂದು ನಿಂತು, ಕೆಳಗೆ ನೋಡಿದಳು. ಹನ್ನೊಂದು ವರ್ಷದ ಹಿಂದೆ ಕೈಯಿಟ್ಟ ಮರವಿರಲಿಲ್ಲ, ಮಣ್ಣಿನ ಮೇಲೆ ಕೋಳಿಯ ಹೆಜ್ಜೆಗಳಿದ್ದವು. ಒಂದೇ ಒಂದು ಹೆಜ್ಜೆ ಇಟ್ಟರೆ ಆಯಿತು.

ತಡೆಯಲಾರದೆ ಅಂಜನಮ್ಮ ಮೇಕೆಯ ಕಡೆ ತಿರುಗಿ, "ಹೊಸ್ತಿಲೇ ಇಲ್ಲ, ಇನ್ನು ಆಣೆ ಎಲ್ಲಿಂದ ಬಂತು, ಅಲ್ವಾ ಚೆಲುವಿ," ಎಂದಳು.

ಮುನಿತಾಯಮ್ಮನೂ ಮೇಕೆಯನ್ನೇ ನೋಡುತ್ತ ಹೇಳಿದಳು. "ಆಣೆ ಹಾಳಾಗೋಗ್ಲಿ ಬಿಡು ಚೆಲುವಿ. ಆವತ್ತು ನಾಲಿಗೆ ಮನೇಲಿ ಇಟ್ಟು ಬಾ ಅಂದ್ರು. ಆಮೇಲೆ ಒಂದು ದಿನಾನಾದ್ರೂ ಬಾ ಅಂದ್ರಾ? ಕರೀದೆ ಇರೋ ಮನೆಗೆ ನುಗ್ಗೋಕೆ ನಾನೇನು ಮೇಕೆನಾ? ನಿನ್ನ ಯಾವಾಗ ಬಿಚ್ತಾರೋ ಆವಾಗ ಬಾ." ತಿರುಗಿಕೊಂಡು ಹೋದಳು.

ಅಂಜನಮ್ಮ ಕೂತಲ್ಲೇ ಕೂತಳು. ಕದ ಉಬ್ಬಿಸಿದ್ದು, ಮಣ್ಣು ಮೆತ್ತಿದ್ದು, ಸತ್ತವರನ್ನು ಕನಸಿನಲ್ಲಿ ಎಬ್ಬಿಸಿದ್ದು, ಮಗನನ್ನು ಗಾಳಿಯಲ್ಲಿ ಮಲಗಿಸಿದ್ದು ಎಲ್ಲವನ್ನೂ ಮಾಡಿದ್ದಳು. ಎರಡಕ್ಷರದ ಒಂದು ಮಾತು ಮಾತ್ರ ಬಾಯಿಂದ ಬಂದಿರಲಿಲ್ಲ. ಒಂದು "ಬಾರೆ" ಎನ್ನುವುದನ್ನು ತಪ್ಪಿಸಿಕೊಳ್ಳಲು ಮನೆಯ ಬಾಗಿಲನ್ನೇ ಕೀಳಿಸಿದ್ದಳು. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಅಕ್ಕನನ್ನು ನೆನೆದು ಪಾಪ ಎನ್ನಿಸಿತು. ಇಷ್ಟು ವರ್ಷ ಎದುರಿಗೇ ಕೂತು ಕಾದವಳು ಅವಳು.

ಮೇಕೆಯನ್ನು ಬಿಚ್ಚಿ, ಅದರ ಹಗ್ಗ ಹಿಡಿದುಕೊಂಡು ಬೀದಿ ದಾಟಿದಳು. ಜಗಲಿಯ ಮುಂದೆ ನಿಂತಳು. ಪೊರಕೆ ತಂದಿರಲಿಲ್ಲ.

"ಅಕ್ಕ," ಎಂದಳು. "ಮನೆಗೆ ಬಾ. ಉಣ್ಣೋಣ."

ಮುನಿತಾಯಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಯಾರನ್ನ ಕರೀತಾ ಇದೀಯ? ಮೇಕೆನೋ, ನನ್ನನ್ನೋ?"

"ನಿನ್ನನ್ನೇ ಕಣಕ್ಕ. ಆವತ್ತು ನಾನು ಹಂಗೆ ಅನ್ನಬಾರದಾಗಿತ್ತು."

ಮುನಿತಾಯಮ್ಮ ಎದ್ದು ಒಳಗೆ ಹೋದಳು. ಮುಖದ ಮೇಲೆ ಕದ ಹಾಕುತ್ತಾಳೆ ಎಂದು ಅಂಜನಮ್ಮ ಅಂದುಕೊಂಡಳು. ಸ್ವಲ್ಪ ಹೊತ್ತಿಗೆ ಮುನಿತಾಯಮ್ಮ ಆಚೆ ಬಂದಳು. ಮೈಮೇಲೆ ಮಡಿಕೆಯ ಗೆರೆ ಮುರಿಯದ ಹೊಸ ಸೀರೆಯಿತ್ತು. ಯಾರ ಕಡೆಯೂ ನೋಡದೆ ಬೀದಿ ದಾಟಿದಳು. ಬಾಗಿಲಿದ್ದ ಜಾಗಕ್ಕೆ ಬಂದಾಗ, ಹಳೇ ಅಭ್ಯಾಸಕ್ಕೆ, ಅಲ್ಲಿಲ್ಲದ ಹೊಸ್ತಿಲನ್ನು ದಾಟುವವಳ ಹಾಗೆ ಕಾಲು ಎತ್ತಿ ಒಳಗಿಟ್ಟಳು.

ಮುದ್ದೆ, ಹುರುಳಿಕಾಳಿನ ಬಸ್ಸಾರು. ವೆಂಕಟಲಕ್ಷ್ಮಿ ಬಡಿಸಲು ಬಂದರೆ ಅಂಜನಮ್ಮ ಸೌಟು ಕಿತ್ತುಕೊಂಡಳು. ಮುನಿತಾಯಮ್ಮ ಒಂದು ಮುದ್ದೆ ಮುಗಿಸಿದಳು. ಸಾರಿನ ಬಗ್ಗೆ ಒಳ್ಳೆಯದೂ ಹೇಳಲಿಲ್ಲ, ಕೆಟ್ಟದ್ದೂ ಹೇಳಲಿಲ್ಲ. ಆಮೇಲೆ ತಲೆಯೆತ್ತದೆಯೇ ಕೇಳಿದಳು.

"ಇದಕ್ಕೋಸ್ಕರ ಮನೆ ಬಾಗಿಲು ಕೀಳಿಸಿದ್ಯೇನೆ ಅಂಜಿ?"

"ಗೆದ್ದಲು ಹಿಡಿದಿತ್ತು ಕಣಕ್ಕ."

"ನಮ್ಮ ಬೇಲಿಯಿಂದ ಮಣ್ಣು ಕಿತ್ಕೊಂಡು ಸೆರಗಿನಾಗೆ ಕಟ್ಕೊಂಡು ಹೋಗಿದ್ದು ನಾನು ನೋಡಿಲ್ಲ ಅಂದ್ಕೊಂಡ್ಯಾ?"

ಅಂಜನಮ್ಮ ಸೌಟು ನೋಡುತ್ತ ಕೂತಳು. ಮುನಿತಾಯಮ್ಮ ಎಡಗೈಯನ್ನು ಹಿತ್ತಲ ಕಡೆ ತೋರಿಸಿದಳು.

"ಬೆಣ್ಣೆ ಕೈಯಾಗಿಟ್ಕೊಂಡು ತುಪ್ಪಕ್ಕೆ ಅಲೆದ್ರಂತೆ. ನಿಮ್ಮನೇಗೆ ಹಿತ್ತಲ ಬಾಗಿಲು ಇರ್ಲಿಲ್ವೇನೆ? ಅದರ ಹೊಸ್ತಿಲು ಮುಟ್ಟಿ ನಾನು ಯಾವ ಆಣೇನೂ ಮಾಡಿರ್ಲಿಲ್ಲ. ಒಂದು ಹಬ್ಬಕ್ಕಾದ್ರೂ ಹಿತ್ತಲ ಕಡೆಯಿಂದ ಕೂಗ್ತಾಳೆ ಅಂತ ವರ್ಷಾ ವರ್ಷಾ ಹೊಸ ಸೀರೆ ಎತ್ತಿಟ್ಕೊಂಡು ಕೂತಿದ್ದೆ."

ಅಂಜನಮ್ಮ ತಿರುಗಿ ನೋಡಿದಳು. ಹಿತ್ತಲ ಬಾಗಿಲು ತೆರೆದೇ ಇತ್ತು. ಹಗಲೆಲ್ಲ ಅದನ್ನು ಮುಚ್ಚುವ ಪದ್ಧತಿಯೇ ಆ ಮನೆಯಲ್ಲಿರಲಿಲ್ಲ. ಅವಳಿಗೆ ಮೊದಲು ನಗು ಬಂತು, ನಗುತ್ತಿದ್ದ ಹಾಗೆಯೇ ಕಣ್ಣಲ್ಲಿ ನೀರು ಬಂತು. ಮುನಿತಾಯಮ್ಮನೂ ನಗಲು ಹೋಗಿ ಸಾರು ನೆತ್ತಿಗೇರಿ ಕೆಮ್ಮಿದಳು. ಅಂಜನಮ್ಮ ಅವಳ ನೆತ್ತಿ ತಟ್ಟಿದಳು. ತಟ್ಟಿದ ಕೈಯನ್ನು ತಕ್ಷಣ ತೆಗೆಯಲಿಲ್ಲ.

"ಕೆಂಗೇರಿ ಮನೆ ಹೆಂಗೈತಕ್ಕ?" ಎಂದು ಕೇಳಿದಳು ಕಣ್ಣೊರೆಸಿಕೊಂಡು.

"ಸಣ್ಣದು. ಸಾಲಿನಾಗೆ ಒಂದು."

"ಹಿತ್ತಲ ಬಾಗಿಲು ಐತಾ?"

"ಎಲ್ಲಿಂದ ಬರ್ಬೇಕು? ಹಿಂದುಗಡೆ ಇನ್ನೊಬ್ಬರ ಗೋಡೆ. ಒಂದೇ ಬಾಗಿಲು."

ಅಂಜನಮ್ಮ ಇನ್ನೊಂದು ಮುದ್ದೆ ಎತ್ತಿ ಅವಳ ತಟ್ಟೆಗೆ ಹಾಕಿ, ಮೇಲೆ ಸಾರು ಬಿಟ್ಟಳು.

"ಹಂಗಾದ್ರೆ ನಾವು ಅಲ್ಲಿ ಜಗಳ ಆಡೋದು ಬೇಡ ಕಣಕ್ಕ," ಎಂದಳು.